ಸಾಸಿವೆ ಕಾಳಿನಷ್ಟು ಪೇಚು

ಶಿವಕಾಂತಾ ಹುಟ್ಟಿ ಬೆಳೆದ ಯಡ್ರಾಮಿಯ ಮನೆಯಲ್ಲಿ ಪೇಚು ಎಂಬ ಮಾತಿಗೆ ಒಂದೇ ಅರ್ಥವಿತ್ತು. ಬೀಗರು ಬಂದು ಕುಳಿತಿದ್ದಾರೆ, ಡಬ್ಬಿಯಲ್ಲಿ ಸಕ್ಕರೆಯಿಲ್ಲ, ಅದು ಪೇಚು. ಬಸ್ಸಿನಲ್ಲಿ ಪರಿಚಯದವರೆಂದು ಹೆಗಲು ತಟ್ಟಿದರೆ ತಿರುಗಿ ನೋಡಿದವರು ಬೇರೆ ಯಾರೋ, ಅದೂ ಪೇಚು. ಊಟಕ್ಕೆ ಕರೆದ ಮನೆಗೆ ಒಂದು ದಿನ ಮೊದಲೇ ಹೋಗಿ ನಿಂತರೆ ಕರೆದವರಿಗೂ ಪೇಚು, ಹೋದವರಿಗೂ ಪೇಚು. ಅವಳ ತಾಯಿ ದಿನಕ್ಕೆ ಹತ್ತು ಸಲ ಆ ಮಾತು ಆಡುತ್ತಿದ್ದಳು. ಹಾಲು ಚೆಲ್ಲಿದ ಬೆಕ್ಕಿಗೂ, "ಮಂದಿ ಬರೋ ಹೊತ್ತಿನಾಗ ಎಂಥಾ ಪೇಚಿನಾಗ ಕೆಡವಿದೆಲೇ" ಎಂದು ಬೈಯುತ್ತಿದ್ದಳು.

ಅದು ನಾಚಿಕೆಯಲ್ಲ, ಅವಮಾನವಲ್ಲ, ತಪ್ಪೂ ಅಲ್ಲ. ಹಿಂದೆ ಸರಿಯಲಾಗದೆ, ಮುಂದೆ ಹೋಗಲಾಗದೆ, ಕೈಕಾಲು ಎಲ್ಲಿಡಬೇಕೆಂದು ತೋಚದೆ ನಿಲ್ಲುವ ಒಂದು ಗಳಿಗೆಯ ಹೆಸರು. ಇಷ್ಟು ಚಿಕ್ಕ ಮಾತಿನೊಳಗೆ ಇನ್ನೊಂದು ಅರ್ಥ ಅಡಗಿ ಕುಳಿತಿದೆಯೆಂದು ಇಪ್ಪತ್ತೇಳನೆಯ ವಯಸ್ಸಿನವರೆಗೂ ಅವಳಿಗೆ ಗೊತ್ತಿರಲಿಲ್ಲ.

ಎಪ್ಪತ್ತೊಂಬತ್ತನೆಯ ಇಸವಿಯ ಮಾತು. ಅವಳನ್ನು ಕೊಟ್ಟದ್ದು ಆಳಂದ ತಾಲೂಕಿನ ಮಾದನಹಿಪ್ಪರಗಾಕ್ಕೆ. ಅತ್ತೆ ಅವಳು ಬರುವ ಮೊದಲೇ ಲಿಂಗೈಕ್ಯರಾಗಿದ್ದರು. ಗಂಡ ಅಮೃತಪ್ಪ ಮೂರು ವರ್ಷ ಜೊತೆಗಿದ್ದು, ಒಂದು ಬೇಸಿಗೆಯಲ್ಲಿ ಕಾಮಾಲೆಯಾಗಿ ಇಪ್ಪತ್ತೇ ದಿನಕ್ಕೆ ಹೊರಟುಹೋದ. ಅದಾಗಿ ನಾಲ್ಕು ವರ್ಷ. ಆ ಮನೆಯಲ್ಲಿ ಉಳಿದವರು ಇಬ್ಬರು, ಅವಳು ಮತ್ತು ಮಾವ ಜಗದೇವಪ್ಪನವರು. ಮೂರನೆಯದೆಂದರೆ ಪಡಸಾಲೆಯ ಕಿಟಕಿಯ ಕೆಳಗಿದ್ದ ಹೊಲಿಗೆ ಮಶೀನು.

ಅದನ್ನು ಅಮೃತಪ್ಪ ಮದುವೆಯಾದ ವರ್ಷವೇ ಸೋಲಾಪುರದಿಂದ ಬಸ್ಸಿನ ಮೇಲೆ ಹೇರಿಸಿಕೊಂಡು ತಂದಿದ್ದ. ಅವನು ಹೋದ ಮೇಲೆ ಶಿವಕಾಂತಾ ಅದಕ್ಕೆ ಬಿಳಿ ಬಟ್ಟೆ ಹೊದಿಸಿದಳು. ವರ್ಷ ಕಳೆಯಿತು. ಒಂದು ಬೆಳಿಗ್ಗೆ ಜಗದೇವಪ್ಪನವರು ಇಷ್ಟಲಿಂಗದ ಪೂಜೆ ಮುಗಿಸಿ ಎದ್ದವರೇ ಆ ಬಟ್ಟೆ ತೆಗೆದು ಮಡಿಚಿಟ್ಟರು. ದೀಪಕ್ಕಿಟ್ಟಿದ್ದ ಕುಸುಬೆ ಎಣ್ಣೆಯನ್ನು ಮಶೀನಿನ ತೂತುಗಳಿಗೆಲ್ಲ ತಾವೇ ಬಿಟ್ಟರು.

"ಇದು ಸುಮ್ನ ಕುಂತ್ರ ಜಂಗ್ ಹಿಡೀತದ ಯವ್ವಾ," ಎಂದರು. "ನೀನೂ ಸುಮ್ನ ಕುಂಡ್ರಬ್ಯಾಡ."

ಅಂದಿನಿಂದ ಊರಿನ ಕುಪ್ಪಸಗಳೆಲ್ಲ ಆ ಸೂಜಿಯ ಕೆಳಗೇ ಹಾದವು. ಮೂರು ವರ್ಷ ನಡೆದು, ಈ ವರ್ಷದ ಶ್ರಾವಣದಲ್ಲಿ ಮಶೀನು ಜಗ್ಗತೊಡಗಿತು. ದಾರ ಹರಿಯುವುದು, ಹೊಲಿಗೆ ಬಿಡುವುದು, ಚಕ್ರ ತಿರುಗಿಸಿದರೆ ದಣಿದ ಎತ್ತಿನಂತೆ ನಿಂತುಬಿಡುವುದು. ಬಸ್ಸಿನ ಕಂಡಕ್ಟರ್ ಬೀರಣ್ಣನ ಸಂಗಡ ಹೇಳಿ ಕಳಿಸಿದ ಮೇಲೆ ಆಳಂದದಿಂದ ರಿಪೇರಿಯವನು ಬಂದ. ಕೈಯಲ್ಲಿ ತಗಡಿನ ಪೆಟ್ಟಿಗೆ. ಹಣೆಯ ಮೇಲೆ ಬೆವರಿಗೆ ಅರ್ಧ ಅಳಿಸಿದ ವಿಭೂತಿ. ಮೂವತ್ತು ದಾಟಿರಬೇಕು. ಹೆಸರು ಶಾಂತಲಿಂಗಪ್ಪ.

ಮಾವ ಹೊಲಕ್ಕೆ ಹೋಗಿದ್ದರು. ಅವನು ಹೊಸ್ತಿಲು ದಾಟಲಿಲ್ಲ.

"ಯಜಮಾನ್ರು ಬರ್ಲಿರಿ ಅಕ್ಕಾರ. ಅಲ್ಲೀತನಕ ಇಲ್ಲೇ ನಿಂದರ್ತೇನಿ."

ಬಿಸಿಲು ಚುರುಗುಡುತ್ತಿತ್ತು. ಒಳಗೆ ಬಾ ಎನ್ನಲು ಅವಳಿಗೆ ಬಾಯಿಲ್ಲ, ಹೋಗು ಎನ್ನಲು ಮನಸ್ಸಿಲ್ಲ. ಪೇಚು ಎಂದರೆ ಇದೇ. ಎದುರು ಮನೆಯ ಹಜರಾಬಿ ಅಕ್ಕಿ ಆರಿಸುತ್ತ ಕುಳಿತವಳು ಇಬ್ಬರನ್ನೂ ನೋಡಿ ನೋಡಿ ಸಾಕಾಗಿ, ಮೊರ ಹಿಡಿದುಕೊಂಡೇ ಎದ್ದು ಬಂದಳು.

"ಒಳಗ ನಡಿಯೋ ಭಾಯಿ. ನಡುವ ನಾ ಕುಂಡ್ರತೇನಿ. ನೀ ಬಿಸಿಲಿಗೆ ಕರಗಿ ಹೋದ್ರ ಮಶೀನ್ ಯಾರ್ ಮಾಡ್ಬೇಕು?"

ಕೆಲಸಕ್ಕೆ ಕುಳಿತ ಮೇಲೆ ಅವನು ಒಂದೊಂದೇ ಭಾಗ ಬಿಚ್ಚಿ, ಒರೆಸಿ, ಹಾಸಿದ ಬಟ್ಟೆಯ ಮೇಲೆ ಸಾಲಾಗಿ ಇಡುತ್ತ ಹೋದ. ಪೂಜೆಗೆ ಅಣಿ ಮಾಡುವವರ ಕೈ ಹಾಗೆ ನಡೆಯುವುದನ್ನು ಅವಳು ನೋಡಿದ್ದಳು, ಕೆಲಸದವರ ಕೈ ಹಾಗೆ ನಡೆಯುವುದನ್ನು ನೋಡಿರಲಿಲ್ಲ. ಕಡೆಗೆ ಅವನು ಬೆರಳಿಗೆ ಹತ್ತಿದ ಹಳದಿ ಅಂಟನ್ನು ಮೂಸಿ ನೋಡಿ ತಲೆಯೆತ್ತಿದ.

"ಯಾರ್ರೀ ಅಕ್ಕಾರ ಇದಕ್ಕ ಕುಸಬಿ ಎಣ್ಣಿ ಕುಡಿಸಿದವ್ರು? ಮಶೀನ್ ಏನ್ ಪಲ್ಯಾ ಅಂತ ತಿಳದಾರೇನು, ಒಗ್ಗರಣಿ ಹಾಕಾಕ?"

ಅವನ ಬೆನ್ನ ಹಿಂದೆ, ಬಾಗಿಲಲ್ಲಿ ಜಗದೇವಪ್ಪನವರು ನಿಂತಿದ್ದರು.

"ನಾನೇ ನೋಡಪಾ," ಎಂದರು. "ದೀಪಕ್ಕ ನಡೀತದ, ಇದಕ್ಕೂ ನಡೀತದ ಅಂದ್ಕೊಂಡಿದ್ದೆ."

ಶಾಂತಲಿಂಗಪ್ಪನ ಕಿವಿಗಳು ಕೆಂಪಾದವು. ಕೈಯಲ್ಲಿದ್ದುದನ್ನು ಇಡಬೇಕೋ ಹಿಡಿಯಬೇಕೋ ತಿಳಿಯದೆ ಅವನು ಅರ್ಧ ಎದ್ದು ಅರ್ಧ ಕುಳಿತ. ಅದನ್ನು ಕಂಡು ಶಿವಕಾಂತಾ ನಕ್ಕುಬಿಟ್ಟಳು. ಸೆರಗು ಬಾಯಿಗೆ ಹೋಗುವಷ್ಟರಲ್ಲಿ ನಗು ಹೊರಗೆ ಬಂದಾಗಿತ್ತು. ನಾಲ್ಕು ವರ್ಷಗಳಿಂದ ಆ ಪಡಸಾಲೆ ಕೇಳದ ಸದ್ದು. ಅವಳೇ ಬೆಚ್ಚಿದಳು. ಜಗದೇವಪ್ಪನವರು ರುಮಾಲು ತೆಗೆದು ಮೊಣಕಾಲ ಮೇಲಿಟ್ಟುಕೊಂಡು, ಬಹಳ ಹೊತ್ತು ಸೊಸೆಯ ಕಡೆಗೆ ನೋಡದೆ ಕಿಟಕಿಯ ಹೊರಗೆ ನೋಡುತ್ತ ಕುಳಿತರು.

ದಸರಾ ಕಳೆದ ವಾರ ಅವನು ಕರೆಯದೆಯೇ ಬಂದ.

"ಈ ಕಡಿ ಬಂದಿದ್ದೆರಿ. ಒಂದ್ ಹನಿ ಎಣ್ಣಿ ಬಿಟ್ಟು ಹೋಗ್ತೇನಿ."

"ಯಾವ ಎಣ್ಣಿ?" ಎಂದರು ಜಗದೇವಪ್ಪನವರು ಜಪಮಾಲೆಯ ಮಣಿ ಎಣಿಸುತ್ತಲೇ.

"ಮಶೀನಿಂದೇರಿ," ಎಂದು ಅವನು ತಲೆ ತಗ್ಗಿಸಿದ. ತಗ್ಗಿಸಿದ ತಲೆಯ ಕೆಳಗಿನಿಂದ ಒಂದು ನೋಟ ಅವಳ ಕಡೆಗೆ ಬಂತು, ಬಂದಷ್ಟೇ ಬೇಗ ಎಣ್ಣೆಯ ಡಬ್ಬಿಯ ಮೇಲೆ ಹೋಗಿ ಕುಳಿತಿತು. ಅಂದು ಅವನು ಕೇಳಿದ್ದು ನೀರು, ಒಂದು ಹಳೆಯ ಬಟ್ಟೆ, ಹಳೆಯ ಸೂಜಿ ಇದೆಯೇ ಎಂದು. ಎಲ್ಲ ಮಾತೂ ಸಾಧಾರಣವೇ. ಆದರೂ ಏನೋ ಕಡಿಮೆಯಾಗಿದೆ ಎಂದು ಅವಳಿಗೆ ಅನ್ನಿಸುತ್ತಲೇ ಇತ್ತು. ಸಂಜೆ ಜೋಳದ ಹಿಟ್ಟು ನಾದುತ್ತಿದ್ದಾಗ ಅದು ಏನೆಂದು ಹೊಳೆದು, ಅವಳ ಕೈ ಹಿಟ್ಟಿನಲ್ಲೇ ನಿಂತಿತು.

ಇಡೀ ದಿನದಲ್ಲಿ ಅವನು ಒಂದು ಸಲವೂ ಅಕ್ಕಾರ ಎಂದಿರಲಿಲ್ಲ. ಅದರ ಬದಲಿಗೆ ಬೇರೇನನ್ನೂ ಅಂದಿರಲಿಲ್ಲ. ಆ ಜಾಗವನ್ನು ಖಾಲಿಯೇ ಬಿಟ್ಟಿದ್ದ.

ಮೂರನೆಯ ಸಲ ಬಂದದ್ದು ದೀಪಾವಳಿಯಾದ ಮೇಲಿನ ಬುಧವಾರ. ಮಾವ ಕಟ್ಟೆಯ ಮೇಲಿದ್ದರು. ಹಜರಾಬಿ ಮೊಮ್ಮಗಳ ಲಂಗಕ್ಕೆಂದು ಬಂದವಳು ಬಾಗಿಲಿಗೊರಗಿ ತೂಕಡಿಸುತ್ತಿದ್ದಳು. ಮಶೀನಿನ ಕೆಲಸ ಬೇಗ ಮುಗಿಯಿತು. ಅವನು ಪೆಟ್ಟಿಗೆ ಮುಚ್ಚಲಿಲ್ಲ.

"ಇದರೊಳಗಿಂದು ನೋಡೀರೇನು ಎಂದಾರ?" ಎಂದು ಕೇಳಿದ.

ಇಷ್ಟು ವರ್ಷ ಅದರ ಮುಂದೆ ಕುಳಿತಿದ್ದರೂ ಅವಳು ಕೆಳಗೆ ಬಗ್ಗಿ ನೋಡಿದವಳಲ್ಲ. ಅವನು ಮಶೀನನ್ನು ಹಿಂದಕ್ಕೆ ವಾಲಿಸಿ, ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿದ. ಸೂಜಿ ಇಳಿಯಿತು. ಕೆಳಗೆ ಕತ್ತಲಲ್ಲಿ ಒಂದು ಕೊಕ್ಕೆ ಬಂದು ಮೇಲಿನ ದಾರವನ್ನು ಹಿಡಿದು, ಕೆಳಗಿನ ದಾರದ ಉಂಡೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿಸಿ ಬಿಟ್ಟಿತು. ಸೂಜಿ ಮೇಲೆದ್ದಿತು. ಬಟ್ಟೆಯಲ್ಲಿ ಒಂದು ಹೊಲಿಗೆ ನಿಂತಿತ್ತು.

"ಇನ್ನೊಮ್ಮೆ," ಎಂದಳು.

ಅವನು ಇನ್ನೊಮ್ಮೆ ತಿರುಗಿಸಿದ. ಇಷ್ಟು ವರ್ಷ ತನ್ನ ಕೈಯ ಕೆಳಗೆ, ತಾನು ಕಾಣದ ಕತ್ತಲಲ್ಲಿ, ಪ್ರತಿ ಹೊಲಿಗೆಗೂ ಇಷ್ಟೆಲ್ಲ ನಡೆದಿತ್ತೇ.

"ಮ್ಯಾಲಿನ ದಾರಕ್ಕ ಕೆಳಗಿನ ದಾರ ಕಾಣಂಗಿಲ್ಲ," ಎಂದ ಅವನು. "ಗಂಟು ಬೀಳೂದು ಅರಿವಿಯೊಳಗ, ಯಾರಿಗೂ ಕಾಣದಂಗ. ನಾನೂ ಇಪ್ಪತ್ತು ವರ್ಷ ಆತು ನೋಡಾಕತ್ತಿ. ಇನ್ನಾ ಸೋಜಿಗ ಅನಿಸ್ತದ."

ತಗಡಿನ ಪೆಟ್ಟಿಗೆಯಿಂದ ಅವನು ಒಂದು ಹಳೆಯ ಬಾಬಿನ್ ಕೇಸು ತೆಗೆದ. ಕೆಳಗಿನ ದಾರ ಕೂರುವ ಪುಟ್ಟ ಉಕ್ಕಿನ ಗೂಡು, ಸವೆದು ಬೆಳ್ಳಿಯಂತೆ ಹೊಳೆಯುತ್ತಿತ್ತು. ಅವನಿಗೆ ಕೆಲಸ ಕಲಿಸಿದ ಉಸ್ತಾದರು ಹೋದ ವರ್ಷ ಕಣ್ಣು ಮುಚ್ಚುವ ಮುಂಚೆ ಕೊಟ್ಟದ್ದಂತೆ. ಎಲ್ಲ ಮಶೀನಿನ ಬಿಗಿಯನ್ನೂ ಅದಕ್ಕೆ ಹೋಲಿಸಿಯೇ ನೋಡುವುದಂತೆ. ಉಗುರಿನಿಂದ ಅದರ ಪಕ್ಕವನ್ನು ತಿರುವಿ, ಬಿಟ್ಟು, ಅವನು ತೋರಿಸಿದ.

"ಬಿಗಿ ಆದ್ರ ದಾರ ಹರೀತದ. ಸಡಲಾದ್ರ ಗಂಟು ನಿಂದ್ರಂಗಿಲ್ಲ. ಬರೋಬ್ಬರಿ ಇರಬೇಕು. ಹೊಲಿಗಿ ನೋಡಾಕ ಒಂದ್ ಅರಿವಿ ಕೊಡ್ತೀರೇನು?"

ಗೂಟದ ಮೇಲೆ ಮಾವನ ರುಮಾಲಿತ್ತು. ಕೆಂಪು ಗೆರೆಯ ಬಿಳಿ ರುಮಾಲು, ಮದುವೆಯ ದಿನ ಅಮೃತಪ್ಪ ಸುತ್ತಿಕೊಂಡದ್ದು. ಮಗ ಹೋದ ಮೇಲೆ ಜಗದೇವಪ್ಪನವರು ಅದನ್ನೇ ಸುತ್ತುತ್ತಿದ್ದರು. ಅಂಚು ಬಿಟ್ಟಿದೆಯೆಂದು ಅಂದು ಬೆಳಿಗ್ಗೆ ತೆಗೆದು ಕೊಟ್ಟಿದ್ದರು. ಅವಳು ಅದನ್ನೇ ತಂದು ಚಾಚಿದಳು. ಅವನು ಅದೇ ಹೊತ್ತಿಗೆ ಕೈ ನೀಡಿದ. ಬಟ್ಟೆಯ ಮಡಿಕೆಯೊಳಗೆ ಎರಡು ಬೆರಳು ಎರಡು ಬೆರಳಿಗೆ ತಾಗಿದವು. ಅವನ ಇನ್ನೊಂದು ಅಂಗೈ, ಬಿಚ್ಚಿದ ಬಾಬಿನ್ ಕೇಸು ಹಿಡಿದಿದ್ದದ್ದು, ಒಮ್ಮೆ ನಡುಗಿತು.

ಅವಳು ಮಡಿಕೆ ಬಿಚ್ಚದೆಯೇ ಅಂಚು ಹೊಲಿದಳು. ಹೊಲಿಗೆ ಮುತ್ತು ಸುರಿದ ಹಾಗೆ ಬಂತು. ಮಾವ ಒಳಗೆ ಬಂದು ಅದನ್ನು ಮಡಿಕೆಯಲ್ಲೇ ತಲೆಗೆ ಸುತ್ತಿಕೊಂಡರು. ಹಜರಾಬಿ ಕಣ್ಣು ತೆರೆದು, "ಆಗ್ಲೇ ಆತೇನು?" ಎಂದಳು.

ಶುಕ್ರವಾರ ಸಂಜೆಯ ಬಸ್ಸಿನಲ್ಲಿ ಬೀರಣ್ಣ ಒಂದು ಚೀಟಿ ತಂದುಕೊಟ್ಟ. ಅವಳು ಅದನ್ನು ಹಿತ್ತಲಿನ ಬಾಗಿಲಲ್ಲಿ ನಿಂತು ಓದಿದಳು.

"ಶಿವಕಾಂತಾಬಾಯಿಯವರಿಗೆ ಶರಣು. ನನ್ನದೊಂದು ಪೇಚು ನಿಮ್ಮ ಮನೆಯಲ್ಲಿ ಉಳಿದಿದೆ. ಬುಧವಾರ ಅಲ್ಲಿಂದ ಬಂದಾಗಿನಿಂದ ಅದೇ ಚಿಂತೆ. ಅದಿಲ್ಲದೆ ಕೆಲಸದಲ್ಲಿ ಕೈ ಓಡುತ್ತಿಲ್ಲ. ಅಂಥದು ಬೇರೆಲ್ಲಿಯೂ ಸಿಗುವುದಿಲ್ಲ. ಮಂದಿಗೆ ತಿಳಿದರೆ ನಗುತ್ತಾರೆ, ಆದ್ದರಿಂದ ಯಾರಿಗೂ ಹೇಳಬೇಡಿರಿ. ನಿಮ್ಮ ಕಣ್ಣಿಗೆ ಬಿದ್ದಿದ್ದರೆ ಜೋಪಾನವಾಗಿ ಇಟ್ಟಿರಿ. ಸೋಮವಾರ ಬರುತ್ತೇನೆ. ಶಾಂತಲಿಂಗಪ್ಪ, ಆಳಂದ."

ಅವಳು ಎರಡನೆಯ ಸಲ ಓದಿದಳು. ಮೂರನೆಯ ಸಲ ಓದುವಾಗ ಅಕ್ಷರಗಳು ಕಾಣಲಿಲ್ಲ.

ಎಂಥ ಮಾತು ಹುಡುಕಿದ್ದಾನೆ ಎಂದು ಅವಳಿಗೆ ಬೆರಗಾಯಿತು. ಪ್ರೀತಿ ಎಂದು ಬರೆದಿದ್ದರೆ ಅವಳು ಚೀಟಿಯನ್ನು ಒಲೆಗೆ ಹಾಕುತ್ತಿದ್ದಳು. ಅವನು ಹಾಗೆ ಬರೆಯಲಿಲ್ಲ. ಬೆರಳು ಬೆರಳಿಗೆ ತಾಗಿದ ಆ ಗಳಿಗೆಯನ್ನು, ಹಿಂದೆ ಸರಿಯಲಾಗದ, ಮುಂದೆ ಹೋಗಲಾಗದ ಆ ನಿಲುವನ್ನು, ಅದರದೇ ಹೆಸರಿನಿಂದ ಕರೆದಿದ್ದ. ನನ್ನದೊಂದು ಪೇಚು ನಿಮ್ಮ ಮನೆಯಲ್ಲಿ ಉಳಿದಿದೆ. ತಾಯಿ ಬೆಕ್ಕಿಗೆ ಬೈಯುತ್ತಿದ್ದ ಮಾತು ಹೀಗೂ ಇರಬಲ್ಲದೇ. ದಿನವೂ ಕಾಲಿಗೆ ತಾಗುವ ಕಲ್ಲನ್ನು ಎತ್ತಿ ನೋಡಿದರೆ ಅದರ ಕೆಳಗೆ ಒರತೆ ಇದ್ದ ಹಾಗೆ.

ಎದುರು ಮನೆಗೆ ಹೋಗಿ ಹಜರಾಬಿಗೆ ಆ ಚೀಟಿ ಓದಿ ಹೇಳಿದ್ದರೆ ಎಲ್ಲವೂ ಒಂದೇ ನುಡಿಯಲ್ಲಿ ಬಗೆಹರಿಯುತ್ತಿತ್ತು. ಆದರೆ ಯಾರಿಗೂ ಹೇಳಬೇಡಿರಿ ಎಂದು ಅವನು ಬರೆದಿದ್ದ. ಅವಳು ಹೇಳಲಿಲ್ಲ.

ಆಮೇಲೆ ಭಯ ಬಂತು. ಮಾವ ಅವಳನ್ನು ಮಗಳಂತೆ ನೋಡಿಕೊಂಡಿದ್ದರು. ತವರಿಗೆ ಕಳಿಸಿ ಎಂದು ಬಂಧುಗಳು ಅಂದಾಗ, ಇದು ಆಕೆಯ ಮನೆ ಎಂದಿದ್ದರು. ಆ ಮನೆಯಲ್ಲಿ, ಅವರ ಮಗ ತಂದ ಮಶೀನಿನ ಮುಂದೆ ಕುಳಿತು, ತಾನು ಇನ್ನೊಬ್ಬನ ಬೆರಳನ್ನು ನೆನೆಯುತ್ತಿದ್ದೇನೆ. ಕದ್ದು ನೆನೆಯುವುದು ತನ್ನಿಂದಾಗದು. ಹೇಳಿದರೆ ಆ ಮುದಿ ಜೀವ ಏನಾದೀತು.

ಶನಿವಾರ ನಸುಕಿನಲ್ಲಿ ಅವಳು ಉತ್ತರ ಬರೆದಳು.

"ಶರಣು. ಚೀಟಿ ಮುಟ್ಟಿತು. ನೀವು ಬಿಟ್ಟುಹೋದ ಪೇಚಿನಲ್ಲಿ ನಾನೂ ಇದ್ದೇನೆ. ನೀವು ಅಕ್ಕಾರ ಎನ್ನುವುದನ್ನು ಬಿಟ್ಟ ದಿನವೇ ನನಗೆ ತಿಳಿದಿತ್ತು. ಆದರೆ ಮುಚ್ಚಿಟ್ಟುಕೊಳ್ಳುವುದು ನನ್ನಿಂದ ಆಗದು. ಮಾವನವರ ಮುಂದೆ ಹೇಳುವ ಧೈರ್ಯವಿದ್ದರೆ ಸೋಮವಾರ ಬರ್ರಿ. ಇಲ್ಲವಾದರೆ ಬರಬೇಡಿರಿ."

ಕಾಗದ ಮಡಿಚಿ, ಅಂಟಿಸಲು ಏನೂ ಸಿಗದೆ, ಮಶೀನಿನ ಕೆಳಗಿಟ್ಟು ಮೂರು ಕಡೆಗೂ ಹೊಲಿಗೆ ಹಾಕಿದಳು. ಬೀರಣ್ಣ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಏನ್ರಿ ಬಾಯಾರ, ಚೀಟಿಗೆ ಅಂಗಿ ಹೊಲದೀರೇನು?"

"ಮಶೀನಿನ ಲೆಕ್ಕದ್ದು," ಎಂದಳು.

ಸೋಮವಾರ ಶಿವನ ವಾರ. ಜಗದೇವಪ್ಪನವರು ಅಂದು ತಲೆಗೆ ನೀರೆರೆದುಕೊಂಡು, ಪೂಜೆ ಮುಗಿಸಿ, ಆಮೇಲೆ ರುಮಾಲನ್ನು ಬಿಚ್ಚಿ ಹೊಸದಾಗಿ ಸುತ್ತುತ್ತಿದ್ದರು. ಉಳಿದ ದಿನ ಸುತ್ತಿದ್ದನ್ನೇ ಟೊಪ್ಪಿಗೆಯಂತೆ ತೆಗೆದಿಡುವುದು, ಇಟ್ಟುಕೊಳ್ಳುವುದು. ಹತ್ತು ಗಂಟೆಯ ಬಸ್ಸು ಬಂದ ಸದ್ದಾದಾಗ ಅವರು ಇನ್ನೂ ಜಪದಲ್ಲಿದ್ದರು. ರುಮಾಲು ಪಕ್ಕದ ಮಣೆಯ ಮೇಲಿತ್ತು.

ಶಾಂತಲಿಂಗಪ್ಪ ಬಂದ. ಒಗೆದ ಅಂಗಿ, ಅಳಿಸದ ವಿಭೂತಿ. ಕೈಯಲ್ಲಿ ಪೆಟ್ಟಿಗೆಯಿರಲಿಲ್ಲ. ಕಂಬದ ಹಿಂದೆ ನಿಂತಿದ್ದ ಶಿವಕಾಂತಾಳಿಗೆ ಅದೊಂದೇ ಕಂಡಿತು, ಪೆಟ್ಟಿಗೆಯಿಲ್ಲ. ಧೈರ್ಯ ಮಾಡಿ ಬಂದಿದ್ದಾನೆ. ಅವಳು ಕಂಬವನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಏನಪಾ, ಈ ಸಲಾನೂ ಈ ಕಡಿ ಬಂದಿದ್ದೇನು?" ಎಂದರು ಜಗದೇವಪ್ಪನವರು.

ಅವನು ಅವರೆದುರು ಕುಳಿತ. "ಯಜಮಾನ್ರ, ನನ್ನದೊಂದು ಪೇಚು ಇಲ್ಲೇ ಉಳದಿತ್ತು."

"ಎಂಥಾ ಪೇಚೋ?"

"ಬಾಬಿನ್ ಕೇಸಿಂದ್ರಿ. ಉಸ್ತಾದರ ಕೇಸಿಂದು. ಸಾಸಿವಿ ಕಾಳಿನಷ್ಟು ಇರ್ತದ. ಬುಧವಾರ ಇಲ್ಲೇ ಎಲ್ಲೋ ಉದುರೇದ. ಹಳೀ ಮಾಲು, ಸೋಲಾಪುರದಾಗೂ ಸಿಗಂಗಿಲ್ಲ."

"ಹೌದು, ಪೇಚು ಬಿದ್ರ ಸಿಗೂದು ಕಷ್ಟ," ಎಂದರು ಮಾವ. "ಯವ್ವಾ ಶಿವಕಾಂತಾ, ಕಸಾ ಹೊಡಿಯೂ ಮುಂದ ಸಣ್ಣದೊಂದು ಇಸ್ಕ್ರೂ ಕಂಡಿತ್ತೇನು?"

ಅವಳಿಗೆ ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಚೀಟಿಯ ಒಂದೊಂದು ಸಾಲೂ ನೆನಪಿನಲ್ಲಿ ತಿರುಗಿ ನಿಂತು ತನ್ನ ಇನ್ನೊಂದು ಮುಖ ತೋರಿಸಿತು. ಉಳಿದದ್ದು ಇಸ್ಕ್ರೂ. ಚಿಂತೆ ಇಸ್ಕ್ರೂವಿನದು. ರಿಪೇರಿಯವನೇ ಇಸ್ಕ್ರೂ ಕಳೆದುಕೊಂಡನೆಂದು ಮಂದಿ ನಗಬಾರದು. ಜೋಪಾನವಾಗಿ ಇಡಬೇಕಾದದ್ದೂ ಇಸ್ಕ್ರೂ. ಅವನು ಬರೆದದ್ದು ಅಷ್ಟೇ. ಅದಕ್ಕೆ ತಾನು ಬರೆದ ಉತ್ತರ ಈಗ ಅವನ ಜೇಬಿನಲ್ಲಿದೆ.

ಭೂಮಿ ಬಾಯಿ ಬಿಡಲಿಲ್ಲ. ಶಹಾಬಾದ ಕಲ್ಲಿನ ಫರ್ಸಿ ನೆಲ ಕಾಲ ಕೆಳಗೆ ತಣ್ಣಗೆ, ಗಟ್ಟಿಯಾಗಿಯೇ ಇತ್ತು.

"ನನಗ ಗೊತ್ತಿರಲಿಲ್ಲರಿ ಮಾವಾರ," ಎಂದಳು. ತನ್ನ ದನಿ ತನಗೇ ದೂರದಿಂದ ಕೇಳಿತು. "ಪೇಚು ಅಂದ್ರ ಇಸ್ಕ್ರೂ ಅಂತ."

ಜಗದೇವಪ್ಪನವರು ಜಪಮಾಲೆ ಇಟ್ಟು ನಕ್ಕರು. "ನಿನಗ ಹ್ಯಾಂಗ ಗೊತ್ತಿರ್ತದ. ನಿಜಾಮನ ಕಾಲದಾಗ ನಮ್ಮದು ಉರ್ದೂ ಸಾಲಿ. ಪೇಚ್ ಅಂದ್ರೇನು ಅಂತ ಮೌಲ್ವಿ ಸಾಹೇಬ್ರು ಕೇಳಿದ್ರು. ನಾ ಫಜೀತಿ ಅಂದೆ. ಛಡಿ ಬಿತ್ತು ಅಂಗೈ ಮ್ಯಾಲ. ಮೊದಲಿನ ಅರ್ಥ ತಿರುವು ಅಂದ್ರು. ತಿರುವಿದ್ದೆಲ್ಲಾ ಪೇಚೇ. ಇಸ್ಕ್ರೂ ಪೇಚು. ರುಮಾಲಿನ ಸುತ್ತು ಪೇಚು. ಮನಸಿನ್ಯಾಗ ಬೀಳ್ತದಲ್ಲ ತಿರುವು, ಅದೂ ಪೇಚು." ಅವರು ಸೊಸೆಯ ಮುಖವನ್ನು ನೋಡಿದರು. ನಗು ಮೆಲ್ಲಗೆ ಇಳಿಯಿತು. "ನೀ ಯಾವುದು ಅಂತ ತಿಳದಿದ್ದಿ?"

ಅವಳು ತಲೆ ತಗ್ಗಿಸಿದಳು. ಶಾಂತಲಿಂಗಪ್ಪನ ಮುಂದೆ ಬಾಗಿಲು ತೆರೆದೇ ಇತ್ತು. ಇಸ್ಕ್ರೂ ಸಿಕ್ಕರೆ ಹೇಳಿ ಕಳಿಸಿರಿ ಎಂದು ಅವನು ಎದ್ದುಹೋಗಬಹುದಿತ್ತು. ಹೋದರೆ ಅವಳ ಮಾನ ಉಳಿಯುತ್ತಿತ್ತು, ಮತ್ತೇನೂ ಉಳಿಯುತ್ತಿರಲಿಲ್ಲ. ಹೋಗಲಿ ಎಂದು ಅವಳು ಶಿವನನ್ನು ಬೇಡಿದಳು. ಮರುಗಳಿಗೆ, ಹೋಗದಿರಲಿ ಎಂದು ಬೇಡಿದಳು.

ಅವನು ಎದ್ದು ನಿಂತ. ಬಾಗಿಲ ಕಡೆಗೆ ಹೋಗಲಿಲ್ಲ.

"ಯಜಮಾನ್ರ, ಸುಳ್ಳು ಹೇಳಂಗಿಲ್ಲ. ಚೀಟಿ ಬರದದ್ದು ಇಸ್ಕ್ರೂದ ಸಲುವಾಗಿನೇ. ಆದ್ರ ಇವತ್ತ ಬಂದದ್ದು ಅದಕ್ಕಲ್ಲ. ಪೆಟಗೀನೂ ತಂದಿಲ್ಲ. ನನಗ ಹಿಂದ ಮುಂದ ಯಾರೂ ಇಲ್ಲ. ಉಸ್ತಾದರು ಇದ್ದಿದ್ರ ಅವ್ರೇ ಬಂದು ಕೇಳ್ತಿದ್ರು. ನಿಮ್ಮ ಸೊಸೀನ ನನಗ ಕೊಡ್ರಿ ಅಂತ ಕೇಳಾಕ ಬಂದೇನಿ."

ಜಗದೇವಪ್ಪನವರ ಕೈ ಮಣೆಯ ಕಡೆಗೆ ಹೋಗಿ ರುಮಾಲನ್ನು ಎತ್ತಿಕೊಂಡಿತು. ಸೋಮವಾರ, ಬಿಚ್ಚಿ ಸುತ್ತುವ ದಿನ. ಅವರು ಮೆಲ್ಲಗೆ ಬಿಚ್ಚತೊಡಗಿದರು. ಒಂದು ಸುತ್ತು. ಮಗನ ಮದುವೆಯ ಕೆಂಪು ಗೆರೆ ಬೆಳಕಿಗೆ ಬಂತು. ಎರಡನೆಯ ಸುತ್ತು. ಮೂರನೆಯ ಸುತ್ತು ಬಿಚ್ಚಿದಾಗ ಟಿಣ್ ಎಂದು ಒಂದು ಸದ್ದಾಯಿತು.

ಫರ್ಸಿಯ ಮೇಲೆ ಏನೋ ಒಂದು ಚೂರು ಕುಣಿದು, ಉರುಳಿ, ನಿಂತಿತು.

ಮೂವರೂ ಅದನ್ನೇ ನೋಡಿದರು. ಸಾಸಿವೆ ಕಾಳಿನಷ್ಟು ಉಕ್ಕು. ಕಿಟಕಿಯ ಬಿಸಿಲು ಅದರ ತಲೆಯ ಮೇಲೆ ಬಿದ್ದು ಅದು ಸಣ್ಣ ದೀಪದಂತೆ ಉರಿಯುತ್ತಿತ್ತು.

ಜಗದೇವಪ್ಪನವರು ಬಗ್ಗಿ ಅದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡರು.

"ಐದು ದಿನ," ಎಂದರು. "ಐದು ದಿನ ನಿನ್ನ ಪೇಚು ನನ್ನ ತಲಿಮ್ಯಾಲ ಇತ್ತು. ಇದನ್ನ ಹೊತ್ತುಕೊಂಡೇ ಹೊಲಕ್ಕ ಹೋಗೇನಿ, ಮಠಕ್ಕ ಹೋಗೇನಿ. ಗೊತ್ತಾಗಲಿಲ್ಲ." ಅವರ ಕಣ್ಣು ತುಂಬಿದ್ದವು. "ಶಿವನ ಲೀಲೆ ನೋಡು. ಎಲ್ಲೆಲ್ಲೋ ಬೀಳಬಹುದಿತ್ತು. ನನ್ನ ಮಗನ ರುಮಾಲಿನ್ಯಾಗ ತಂದು ಇಟ್ಟಾನ."

"ಮಾವಾರ," ಎಂದಳು ಶಿವಕಾಂತಾ.

"ನೀ ಸುಮ್ನಿರು ಯವ್ವಾ. ಶ್ರಾವಣದಾಗ ನೀ ನಕ್ಕಿದ್ದಿ. ಆವತ್ತಿಂದ ದಿನಾ ಪೂಜಿಗೆ ಕುಂತಾಗ ಒಂದೇ ಕೇಳಾಕತ್ತೇನಿ. ಆ ನಗಿ ಈ ಮನಿಯಾಗ ಇರಬೇಕೋ, ನನ್ನ ದುಃಖನೇ ಇರಬೇಕೋ ಅಂತ. ಹೇಳಾಕ ನನಗೂ ಬಾಯಿ ಬರಲಿಲ್ಲ. ಸೊಸೀಗೆ ಮಾವ ಹ್ಯಾಂಗ ಹೇಳಬೇಕು, ಮತ್ತೊಂದು ಮದಿವಿ ಮಾಡ್ಕೋ ಅಂತ? ನನ್ನದೂ ಪೇಚೇ." ಅವರು ಮೂಗು ಒರೆಸಿಕೊಂಡು ಅವನ ಕಡೆ ತಿರುಗಿದರು. "ಉಡಕಿ ಅಂತ ಮುಚ್ಚಿಟ್ಟು ಕತ್ತಲಾಗ ಸೀರಿ ಉಡಸೂದು ನನಗ ಬ್ಯಾಡ. ವಿಧವಿ ಆದ್ರೇನು, ಹಗಲಿನ್ಯಾಗ, ಸ್ವಾಮಿಗಳ ಮುಂದ, ಊರು ನೋಡಂಗ ಮಾಡ್ತೇನಿ. ಇನ್ನೊಂದು ಮಾತು. ಈ ಮಶೀನ್ ಈ ಮನಿ ಬಿಟ್ಟು ಹೋಗಂಗಿಲ್ಲ."

"ಹೌದ್ರಿ."

"ನಡಸಾಕಿನೂ ಹೋಗಂಗಿಲ್ಲ. ರಿಪೇರಿ ಮಾಡಾಂವನೂ ಹೋಗಂಗಿಲ್ಲ. ಆಳಂದಕ್ಕ ದಿನಾ ಬಸ್ ಅದ, ಅಂಗಡಿಗೆ ಹೋಗಿ ಬಂದು ಮಾಡು."

ಇಸ್ಕ್ರೂವನ್ನು ಅವನ ಅಂಗೈಗೆ ಹಾಕಿ, ಅವರು ವಿಭೂತಿಯ ಗಟ್ಟಿ ತರಲು ದೇವರ ಮನೆಗೆ ಹೋದರು. ಬೇಗ ಬರಲಿಲ್ಲ. ಒಳಗೆ ಅವರು ಮಗನ ಹೆಸರು ಹಿಡಿದು ಮೆಲ್ಲಗೆ ಏನೋ ಹೇಳುತ್ತಿದ್ದುದು ಕೇಳುತ್ತಿತ್ತು.

ಪಡಸಾಲೆಯಲ್ಲಿ ಇಬ್ಬರೇ ಉಳಿದರು. ಅವನು ಜೇಬಿನಿಂದ ಅವಳ ಚೀಟಿ ತೆಗೆದ. ಕಾಗದಕ್ಕೆ ಮೂರು ಕಡೆಗೂ ಸೂಜಿಯ ತೂತುಗಳಿದ್ದವು. ಒಂದು ಕಡೆಯೂ ಹರಿದಿರಲಿಲ್ಲ. ಬಿಚ್ಚಿದ ದಾರವನ್ನು ಸುತ್ತಿ ಅದರೊಳಗೇ ಇಟ್ಟಿದ್ದ.

"ಒಂದೊಂದೇ ಹೊಲಿಗಿ ಬಿಚ್ಚಿದೆ," ಎಂದ. "ಓದಿ ಅಂಗಡಿ ಬಾಗಲಾ ಹಾಕ್ಕೊಂಡು ಕುಂತುಬಿಟ್ಟೆ. ಗಿರಾಕಿ ಬಡದು ಬಡದು ಹೋದ್ರು."

"ನಾ ಹುಚ್ಚಿ, ತಪ್ಪು ಓದಿದೆ," ಎಂದಳು ಅವಳು. ಕಿವಿ ಬಿಸಿಯಾಗಿತ್ತು.

"ಇಲ್ಲ. ನನಗೇ ಬರಿಯಾಕ ಬಂದಿರಲಿಲ್ಲ. ಇಸ್ಕ್ರೂ ಅಂತ ಬರದೆ. ನೀವು ಇದ್ದದ್ದನ್ನೇ ಓದಿದ್ರಿ." ಅವನು ತಲೆಯೆತ್ತಿದ. ಈ ಸಲ ನೋಟ ಎಣ್ಣೆಯ ಡಬ್ಬಿಯ ಕಡೆಗೆ ಓಡಲಿಲ್ಲ. ಅಲ್ಲೇ ನಿಂತಿತು. ಇಷ್ಟು ದಿನ ಖಾಲಿ ಬಿಟ್ಟಿದ್ದ ಜಾಗಕ್ಕೆ ಅವನು ಮೊದಲ ಸಲ ಒಂದು ಹೆಸರು ತಂದ. "ಶಿವಕಾಂತಾ."

ತನ್ನ ಹೆಸರು ಅಷ್ಟು ಉದ್ದವಾಗಿದೆಯೆಂದು ಅವಳಿಗೆ ಅಂದೇ ತಿಳಿದದ್ದು.

ಬಾಗಿಲಲ್ಲಿ ಹಜರಾಬಿ ನಿಂತಿದ್ದಳು. ಯಾವಾಗ ಬಂದಿದ್ದಳೋ. "ಪೇಚ್ ಅಂದ್ರ ಇಸ್ಕ್ರೂ ಅಂತ ನನಗ ಕೇಳಿದ್ರ ನಾ ಹೇಳ್ತಿದ್ದಿಲ್ಲೇನು ಬೇ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕೇಳದ್ದು ಛಲೋ ಆತು ಬಿಡು."

ಜಗದೇವಪ್ಪನವರು ವಿಭೂತಿ ತಂದು ಇಬ್ಬರ ಹಣೆಗೂ ಹಚ್ಚಿದರು. ಬಿಚ್ಚಿದ ರುಮಾಲನ್ನು ಕೊಡವಿ ಎರಡೂ ಕೈಯಲ್ಲಿ ಹಿಡಿದರು. ಎಂದಿನಂತೆ ತಮ್ಮ ತಲೆಗೆ ಸುತ್ತಿಕೊಳ್ಳಲಿಲ್ಲ.

"ಕುಂಡ್ರು," ಎಂದರು ಅವನಿಗೆ.

ಅವನು ಅವರ ಕಾಲ ಬಳಿ ಕುಳಿತ. ಅವಳು ಹೊಲಿದ ಅಂಚು ಮೇಲೆ ಬರುವಂತೆ ಅವರು ಒಂದು ಸುತ್ತು ಹಾಕಿದರು. ಮತ್ತೊಂದು. ಕೆಂಪು ಗೆರೆ ಹಣೆಯ ನಡುವೆ ಓರೆಯಾಗಿ ಕೂಡುವಂತೆ, ಹನ್ನೆರಡು ಕೈ ಬಟ್ಟೆಯನ್ನು ಒಂದೊಂದೇ ಪೇಚು ಮಾಡುತ್ತ ಸುತ್ತಿದರು. ಏಳು ವರ್ಷದ ಹಿಂದೆ ಇದೇ ಪಡಸಾಲೆಯಲ್ಲಿ ಇನ್ನೊಂದು ತಲೆಗೆ ಹೀಗೆಯೇ ಸುತ್ತಿದ್ದ ಕೈಗಳು ಅವು. ಕೊನೆಯ ತುದಿಯನ್ನು ಒಳಗೆ ಸಿಕ್ಕಿಸಿ ಅವರು ಸ್ವಲ್ಪ ಹಿಂದೆ ಸರಿದು ನೋಡಿದರು.

"ಬಿಗಿ ಆತೇನಪಾ?"

ಶಾಂತಲಿಂಗಪ್ಪ ಉತ್ತರ ಕೊಡುವ ಮೊದಲು ಶಿವಕಾಂತಾಳ ಕಡೆ ನೋಡಿದ.

"ಇಲ್ರಿ," ಎಂದ. "ಬರೋಬ್ಬರಿ ಅದ."